ಬಚ್ಚಲೊಲೆಯ ಗೋಡೆ ಉಳಿಸಿದ ಗಾಳಿಗಿಡಗಳು

ಮಣ್ಣಿಲ್ಲದೆ, ಎಲೆಯಿಂದಲೇ ನೀರು ಹೀರಿ ಬದುಕುವ ಗಾಳಿಗಿಡ ಸಾಕುವವರೆಲ್ಲ ನೀರು ಕೊಡುವ ಲೆಕ್ಕ ಹೇಳುತ್ತಾರೆ. ತೀರ್ಥಹಳ್ಳಿ ಕಡೆಯ ನಮಗೆ ಬೇಕಾದದ್ದು ಒಣಗಿಸುವ ಲೆಕ್ಕ. ಅದನ್ನು ಕಲಿಯಲು ನನಗೆ ಎರಡು ಮಳೆಗಾಲ, ಹೆಚ್ಚುಕಡಿಮೆ ನಾಲ್ಕು ಸಾವಿರ ರೂಪಾಯಿ ಹೋಯಿತು.

ಮೊದಲ ವರ್ಷ ಬೆಂಗಳೂರಿನಿಂದ ಹನ್ನೆರಡು ಟಿಲಾಂಡ್ಸಿಯಾ, ಅಂದರೆ ಗಾಳಿಗಿಡ, ತಂದೆ. ಅದರಲ್ಲಿ ಅಯೊನಾಂತ ಎಂಬ ಬಗೆ ಒಂದಕ್ಕೆ 150, ಜೆರೋಗ್ರಾಫಿಕಾ ಎಂಬುದಕ್ಕೆ 800 ಕೊಟ್ಟ ನೆನಪು. ನಮ್ಮ ಕಾಡಿನ ಆರ್ಕಿಡ್ ಸೀತಾಳೆ ದಂಡೆ ಸೊಂಪಾಗಿದ್ದ ಹಲಸಿನ ಮರಕ್ಕೇ ಕಟ್ಟಿದೆ. ಪುನರ್ವಸು ಮಳೆಯ ಹೊತ್ತಿಗೆ ಸೀತಾಳೆ ನಗುತ್ತಿತ್ತು. ಜೆರೋಗ್ರಾಫಿಕಾದ ಸುಳಿ ಮುಟ್ಟಿದರೆ ಹಾಗೆಯೇ ಕಳಚಿ ಕೈಗೆ ಬಂತು, ಬುಡವೆಲ್ಲ ಕಪ್ಪು ಲೋಳೆ.

ಮರುವರ್ಷ ಹೊಸ ಗಿಡಗಳನ್ನು ಜಗುಲಿಗೆ ತಂದೆ. ಎರಡರ ಬುಡ ಮೆತ್ತಗಾದಾಗ, ತೋಟಕ್ಕೆ ಹೊಡೆದು ಉಳಿದಿದ್ದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಎಲ್ಲಕ್ಕೂ ಸಿಂಪಡಿಸಿದೆ. ಅಡಿಕೆಯ ಕೊಳೆ ತಡೆಯುವುದು ಇದನ್ನೂ ತಡೆದೀತೆಂಬ ನಂಬಿಕೆ. ಕೆಲವೇ ದಿನಗಳಲ್ಲಿ ಎಲೆಗಳು ತುದಿಯಿಂದ ಸುಟ್ಟಂತಾದವು. ಮೈಲುತುತ್ತದ ತಾಮ್ರ ಈ ಜಾತಿಗೆ ವಿಷ. ಎಲೆಯ ಮೇಲಿನ ಬೂದುಬಣ್ಣದ ಹುರುಪೆ ಬಿದ್ದದ್ದನ್ನೆಲ್ಲ ಹೀರುತ್ತದೆ. ಮೋಟಾರಿನ ಹಳೆಯ ತಾಮ್ರದ ತಂತಿಯಲ್ಲಿ ಕಟ್ಟಿದ್ದವನ್ನೂ ಅಂದೇ ಬಿಚ್ಚಿದೆ. "ದುಡ್ಡು ಕೊಟ್ಟು ಬಂದಳಿಕೆ ತರುತ್ತೀರಲ್ಲ ಮಾರಾಯರೇ" ಎಂದರು ಪಕ್ಕದ ಮನೆಯವರು. ಬಂದಳಿಕೆ ಮರದ ರಸ ಹೀರುತ್ತದೆ, ಇದು ಯಾರ ಹಂಗಿನಲ್ಲೂ ಇಲ್ಲ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಮೂರನೆಯ ವರ್ಷ ಬಚ್ಚಲೊಲೆಯ ಗೋಡೆಯ ಹೊರಬದಿಗೆ, ಸೂರಿನಡಿ, ಅಡಿಕೆ ದಬ್ಬೆ ಕಟ್ಟಿ ಗಿಡಗಳನ್ನು ತಲೆಕೆಳಗಾಗಿ ತೂಗುಹಾಕಿದೆ. ಕಟ್ಟಲು ಗಾಳದ ದಾರ, ಬೆಳಕಿಗೆ ಎರಡು ಗಾಜಿನ ಹೆಂಚು. ಬೆಳಿಗ್ಗೆ ಸಂಜೆ ಒಲೆ ಉರಿದಾಗ ಗೋಡೆ ಬೆಚ್ಚಗಾಗುತ್ತದೆ, ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಜಡಿಮಳೆಯ ವಾರಗಳಲ್ಲಿ ನೀರೇ ಕೊಡುವುದಿಲ್ಲ. ಮಳೆ ಬಿಟ್ಟು ಹೊಳವಾದ ದಿನ ನೋಡಿ ಪ್ಲಾಸ್ಟಿಕ್ ಬಕೆಟಿನಲ್ಲಿ ಹತ್ತು ನಿಮಿಷ ಅದ್ದುತ್ತೇನೆ. ನಾಲ್ಕು ಗಂಟೆಯೊಳಗೆ ಒಣಗಲೇಬೇಕು. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ. ಆ ಬಕೆಟಿಗೆ ಒಂದು ಚಿಟಿಕೆ ಹಾಕುವುದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕಿ ತೊಳೆದ ನೀರಂತೂ ಬೇಡ. ಒಂದಕ್ಕೆ ಹಾಕಿ ನೋಡಿದೆ, ಲೋಳೆಗಟ್ಟಿತು.

ಕಳೆದ ಮಳೆಗಾಲ ಹದಿನಾಲ್ಕರಲ್ಲಿ ಒಂದೂ ಹೋಗಲಿಲ್ಲ. ನಮ್ಮ ಸುತ್ತಿನಲ್ಲಿ ಈ ಮಾತು ಹೇಳಬಲ್ಲವರು ಬೇರೆ ಯಾರೂ ಇದ್ದಂತಿಲ್ಲ. ಜನವರಿಯಲ್ಲಿ ಒಂದು ಅಯೊನಾಂತ ಸುಳಿಯಿಂದ ಕೆಂಪೇರಿ, ನೇರಳೆ ಹೂವಿನ ಕಡ್ಡಿಗಳನ್ನು ಹೊರಚಾಚಿತು. ಆಮೇಲೆ ಬುಡದಲ್ಲಿ ಮೂರು ಮರಿ. ಎರಡನ್ನು ತಲಾ 120ಕ್ಕೆ ಕೊಟ್ಟೆ. ಮೊನ್ನೆ ಮತ್ತೆ ಜೆರೋಗ್ರಾಫಿಕಾ ತಂದು, ಒಲೆಗೋಡೆಯಿಂದ ಒಂದು ಗೇಣು ದೂರದಲ್ಲಿ ತೂಗುಹಾಕಿದ್ದೇನೆ.