ಸ್ಯಾಂಟೊರಿನಿಯಲ್ಲಿ ಮೂರು ರಾತ್ರಿ: ಪ್ರವಾಸದ ಸಿದ್ಧತೆ

ಗ್ರೀಸಿನ ಸ್ಯಾಂಟೊರಿನಿ ದ್ವೀಪವನ್ನು ನೋಡಲು ಮೂರು ರಾತ್ರಿಗಳು ಸಾಕು. ಜುಲೈ ಮತ್ತು ಆಗಸ್ಟ್‌ನಲ್ಲಿ ಜನಸಂದಣಿಯ ಜೊತೆಗೆ ಮೆಲ್ಟೆಮಿ ಎಂಬ ಉತ್ತರದ ಗಾಳಿಯೂ ಜೋರಾಗಿ ಬೀಸಿ ಹಡಗುಗಳು ತಡವಾಗುವುದುಂಟು; ಆದ್ದರಿಂದ ಮೇ ಅಥವಾ ಸೆಪ್ಟೆಂಬರ್ ಕೊನೆಯನ್ನು ಆರಿಸಿಕೊಳ್ಳುವುದು ಒಳಿತು. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ) ಬೇಕು. ಅದಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು.

ಅಥೆನ್ಸಿನಿಂದ ವಿಮಾನದಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದರೂ, ಅಥೆನ್ಸ್ ಬಳಿಯ ಪಿರೇಯಸ್ ಬಂದರಿನಿಂದ ಸುಮಾರು 5ರಿಂದ 8 ಗಂಟೆಗಳ ಹಡಗು ಪ್ರಯಾಣವೇ ಮೇಲೆಂದು ನನ್ನ ಅಭಿಪ್ರಾಯ. ಏಕೆಂದರೆ ಜ್ವಾಲಾಮುಖಿ ಕುಸಿದು ಸಮುದ್ರ ತುಂಬಿಕೊಂಡ ಮಹಾಕುಳಿಯೊಳಗೇ ಹಡಗು ಸಾಗುವುದರಿಂದ, ಅದರ ಕಡಿದಾದ ಅಂಚಿನ ಮೇಲೆ ಸಾಲುಗಟ್ಟಿದ ಬಿಳಿಯ ಊರುಗಳನ್ನು ಕೆಳಗಿನಿಂದ ನೋಡುವ ಅವಕಾಶ ಸಿಗುತ್ತದೆ. ಕುಳಿಯ ಅಂಚಿನ ಕೋಣೆಗಳು ದುಬಾರಿ. ಕಪ್ಪು ಮರಳಿನ ಕಮಾರಿ ಅಥವಾ ಪೆರಿಸ್ಸಾ ತೀರದಲ್ಲಿ ಉಳಿದು, ಫಿರಾ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿಬರಬಹುದು.

ಒಂದು ಬೆಳಿಗ್ಗೆಯನ್ನು ಅಕ್ರೋಟಿರಿಗೆ ಮೀಸಲಿಡಿ. ಸುಮಾರು 3,600 ವರ್ಷಗಳ ಹಿಂದೆ ಬೂದಿಯಡಿ ಹುದುಗಿದ ಈ ಪಟ್ಟಣದ ಬೀದಿಗಳೂ ಮಹಡಿ ಮನೆಗಳೂ ಇಂದಿಗೂ ಉಳಿದಿವೆ; ಅಲ್ಲಿ ಶವಗಳು ದೊರೆಯದಿರುವುದರಿಂದ ಜನ ಮೊದಲೇ ಊರು ಬಿಟ್ಟಿರಬೇಕೆಂದು ತಜ್ಞರು ಊಹಿಸುತ್ತಾರೆ. ಇನ್ನೊಂದು ದಿನ ಫಿರಾದಿಂದ ಇಯಾ ಎಂಬ ಊರಿನವರೆಗಿನ ಸುಮಾರು 10 ಕಿಲೋಮೀಟರ್ ದಾರಿಯನ್ನು ನಡೆಯಿರಿ. ನೆರಳು ಕಡಿಮೆ, ನೀರು ಜೊತೆಗಿರಲಿ. ನೆಯಾ ಕಮೆನಿ ಎಂಬ ಜ್ವಾಲಾಮುಖಿ ನಡುಗಡ್ಡೆಗೆ ದೋಣಿಗಳಿವೆ, ಗಟ್ಟಿ ಬೂಟು ಅಗತ್ಯ.

2025ರ ಆರಂಭದಲ್ಲಿ ಸರಣಿ ಭೂಕಂಪನಗಳಿಂದಾಗಿ ಸಾವಿರಾರು ಜನ ದ್ವೀಪ ತೊರೆದಿದ್ದರು. ಆದ್ದರಿಂದ ರದ್ದುಪಡಿಸಿದರೆ ಹಣ ಮರಳುವ ಕೋಣೆಯನ್ನೇ ಕಾಯ್ದಿರಿಸಿ, ಹಿಂದಿರುಗುವ ವಿಮಾನದ ಹಿಂದಿನ ರಾತ್ರಿಯನ್ನು ಅಥೆನ್ಸಿನಲ್ಲಿ ಕಳೆಯಿರಿ.