ಕೊಳ್ಳುವ ಮೊದಲು ಒಂದು ಮಳೆಗಾಲ ಅಲ್ಲೇ ಇದ್ದು ನೋಡಿದೆವು

ದೊಡ್ಡ ಮನೆಗೆ ಹೋಗಬೇಕೋ ಬೇಡವೋ ಅನ್ನುವುದನ್ನು ನಾವು ಎರಡು ಮಳೆಗಾಲ, ಹಳೇ ಮನೆ ಬಿಡದೆ, ಮಾರಾಟಕ್ಕಿದ್ದ ಒಂದೊಂದು ಮನೆಯಲ್ಲಿ ಬಾಡಿಗೆಗಿದ್ದು ಪರೀಕ್ಷೆ ಮಾಡಿ ತೀರ್ಮಾನಿಸಿದೆವು. "ಎರಡೆರಡು ಕಡೆ ಬಾಡಿಗೆ ಕಟ್ಟೋಕೆ ದುಡ್ಡು ಜಾಸ್ತಿ ಆಗಿದೆಯಾ?" ಅಂತ ಭಾವ ಕೇಳಿದ್ದರು. ಈಗ ಅವರೇ ಮನೆ ಹುಡುಕುತ್ತಿದ್ದಾರೆ, ಹೇಗೆ ಮಾಡಿದೆ ಹೇಳು ಅನ್ನುತ್ತಿದ್ದಾರೆ.

ನಾವಿದ್ದದ್ದು ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿ. ಎರಡು ರೂಮು, ಬಾಡಿಗೆ 9 ಸಾವಿರ. ಮೂಡಿಗೆರೆ ಕಡೆಯಿಂದ ಅಪ್ಪ ಅಮ್ಮ ಬಂದ ಮೇಲೆ ಆರು ಜನ. ಜಾಗ ಸಾಲದು ಅಂತ ಎಲ್ಲರೂ ಗೊಣಗುತ್ತಿದ್ದರು. ಫ್ರಿಜ್‌ಗೆ ಒಂದು ಹಾಳೆ ಅಂಟಿಸಿ, ಇಕ್ಕಟ್ಟು ಅನಿಸಿದಾಗೆಲ್ಲ ಟೈಮು ಬರೆಯಿರಿ ಅಂದೆ. ಒಂದು ತಿಂಗಳ ಲೆಕ್ಕ ನೋಡಿದರೆ ಮುಕ್ಕಾಲು ಪಾಲು ಬೆಳಗ್ಗೆ ಆರೂವರೆಯಿಂದ ಎಂಟು, ಬಚ್ಚಲ ಮುಂದಿನ ಸಾಲು. ಉಳಿದದ್ದು ರಾತ್ರಿ, ಮಗಳ ಓದು ಮತ್ತು ಅಪ್ಪನ ಟಿವಿ. ಹಾಲ್ ಚಿಕ್ಕದು ಅಂತ ಒಬ್ಬರೂ ಬರೆದಿರಲಿಲ್ಲ. ಇನ್ನೊಂದು ಬಚ್ಚಲು, ಬಾಗಿಲು ಹಾಕಿಕೊಳ್ಳುವಂಥ ಇನ್ನೊಂದು ರೂಮು, ಇಷ್ಟೇ ಬೇಕಿದ್ದದ್ದು. ಡ್ಯೂಪ್ಲೆಕ್ಸ್ ತೋರಿಸುವ ಬ್ರೋಕರ್‌ಗಳಿಗೆಲ್ಲ ಅಂದೇ ಬೇಡ ಅಂದೆ.

ಆಮೇಲೆ ದುಡ್ಡು. 40 ಲಕ್ಷ ಸಾಲ, 20 ವರ್ಷ, ಎಂಟೂವರೆ ಬಡ್ಡಿ ಅಂದರೆ ಕಂತು ಸುಮಾರು 35 ಸಾವಿರ. ಅದರಲ್ಲಿ ಬಾಡಿಗೆ ಕಳೆದು ಉಳಿದ 26 ಸಾವಿರವನ್ನು ತಿಂಗಳಾ ತಿಂಗಳಾ ಆರ್‌ಡಿಗೆ ಕಟ್ಟತೊಡಗಿದೆ, ಸಾಲ ಆಗಲೇ ತೆಗೆದಿದ್ದೇನೆ ಅನ್ನುವ ಹಾಗೆ. ಶಾಲೆ ಫೀಸು, ಅಪ್ಪನ ಆಸ್ಪತ್ರೆ ಎರಡೂ ಒಟ್ಟಿಗೆ ಬಂದ ಜೂನ್‌ನಲ್ಲಿ ಕಟ್ಟಲಾಗಲಿಲ್ಲ. ಮುಂದಿನ ತಿಂಗಳೂ ಇಲ್ಲ. ಅಲ್ಲಿಗೆ 40 ನಮ್ಮ ಕೈಲಾಗುವುದಲ್ಲ ಅಂತ ಗೊತ್ತಾಯಿತು. 32 ಲಕ್ಷಕ್ಕೆ ಇಳಿಸಿದೆ. ಕಂತು 28 ಸಾವಿರದ ಹತ್ತಿರ. ಬ್ಯಾಂಕಿನವರು ಇನ್ನೂ ಜಾಸ್ತಿ ಕೊಡುತ್ತೇವೆ ಅಂದರೂ ನಾನು ಅಲುಗಾಡಲಿಲ್ಲ.

ಮನೆಯ ಪರೀಕ್ಷೆಯೇ ಕಷ್ಟದ್ದು. ಮಾರ್ಚ್‌ನಲ್ಲಿ ನೋಡಿದರೆ ಇಲ್ಲಿ ಯಾವ ಮನೆಯೂ ಚೆಂದವೇ. ಮಾರಾಟಕ್ಕಿರುವ ಖಾಲಿ ಮನೆಯನ್ನು ಮಳೆಗಾಲಕ್ಕೆ ಬಾಡಿಗೆಗೆ ಕೊಡಿ, ಕೊಂಡರೆ ಆ ಬಾಡಿಗೆ ಬೆಲೆಯಲ್ಲಿ ವಜಾ ಮಾಡಿ ಅಂತ ಕೇಳಿದೆ. ಮೊದಲನೆಯವರು ಗೇಟಿನಲ್ಲೇ ವಾಪಸ್ ಕಳಿಸಿದರು. 2024ರಲ್ಲಿ ಕಡೂರು ರಸ್ತೆ ಕಡೆ ಒಬ್ಬರು ಒಪ್ಪಿದರು, ತಿಂಗಳಿಗೆ 15 ಸಾವಿರ. ಆಷಾಢದಲ್ಲಿ ಮನೆ ಬದಲಾಯಿಸುತ್ತಾರಾ ಅಂತ ಅಮ್ಮ ಕೂತುಬಿಟ್ಟಳು. ಹಳೇ ಮನೆ ಬಿಡುವುದಿಲ್ಲ, ಹಾಲು ಉಕ್ಕಿಸುವುದಿಲ್ಲ, ಸುಮ್ನೆ ಮಲಗಿ ಬರೋಣ ಅಂದ ಮೇಲೆ ಹೊರಟಳು. ಅಸಲಿಗೆ ಆಷಾಢವೇ ನಮಗೆ ಅನುಕೂಲ. ಯಾರೂ ಮನೆ ಕೇಳುವುದಿಲ್ಲ, ಮಾಲೀಕರೂ ಮೆತ್ತಗಿರುತ್ತಾರೆ.

ಪ್ರತಿ ರೂಮಿನಲ್ಲೂ ಬಟ್ಟಲಲ್ಲಿ ಕಲ್ಲುಪ್ಪು ಇಟ್ಟೆ. ಮಳೆಗಾಲದಲ್ಲಿ ಉಪ್ಪು ಎಲ್ಲ ಕಡೆಯೂ ಒದ್ದೆಯಾಗುತ್ತದೆ. ಯಾವ ರೂಮಿನಲ್ಲಿ ಮೊದಲು ನೀರಾಯಿತು ಅನ್ನುವುದನ್ನು ನೋಡಬೇಕು. ಪುನರ್ವಸು ಮಳೆ ಹಿಡಿದಾಗ ಪಡುವಣ ರೂಮಿನದು ಎರಡೇ ದಿನಕ್ಕೆ ನೀರು. ಪುಷ್ಯ ಮಳೆಗೆ ಗೋಡೆಯಲ್ಲಿ ಬೂಷ್ಟು, ಬೀರುವಿನ ರೇಷ್ಮೆ ಸೀರೆಗೂ ಬೂಷ್ಟು. ಮೂರು ತಿಂಗಳ ಬಾಡಿಗೆ, ಹತ್ತಿರ ಹತ್ತಿರ 45 ಸಾವಿರ ಹೋಯಿತು. ಎಲ್ಲರೂ ನಕ್ಕರು. 60 ಲಕ್ಷದ ಒದ್ದೆ ಗೋಡೆ ತಪ್ಪಿತು ಅಂತ ನನಗೆ ಸಮಾಧಾನ. ಹಪ್ಪಳ, ಚರ್ಮದ ಚಪ್ಪಲಿ ಇಟ್ಟೂ ನೋಡಿದ್ದೇನೆ. ಉಪ್ಪಿನಷ್ಟು ಬೇಗ ಯಾವುದೂ ಹೇಳುವುದಿಲ್ಲ.

2025ರ ಮಳೆಗೆ ಇನ್ನೊಂದು ಮನೆ. ಪಡುವಣ ಗೋಡೆಗೆ ಹೊರಗಿನಿಂದ ತಗಡಿನ ಶೀಟು ಹೊಡೆದಿತ್ತು, ನಾಲ್ಕೂ ಬಟ್ಟಲು ಹೆಚ್ಚುಕಡಿಮೆ ಒಂದೇ ಥರ. ಫ್ರಿಜ್ ಮೇಲಿನ ಹಾಳೆ ಅಲ್ಲಿಗೂ ಹೋಯಿತು, ಖಾಲಿಯೇ ಉಳಿಯಿತು. ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇತ್ತು, ಈಗ ಅದಿಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ ಅಲ್ವಾ. 65 ಲಕ್ಷ ಹೇಳಿದ್ದರು, 58ಕ್ಕೆ ಮುಗಿಯಿತು. ಹೇಗೆ ಇಳಿಸಿದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದೇ ಬೀದಿಯಲ್ಲಿ ತಮ್ಮನಿಗೂ ಒಂದು ನೋಡುತ್ತಿದ್ದೇನೆ.

ಮಾತುಕತೆ ದಸರೆವರೆಗೆ ಎಳೆಯಿತು. ಅಷ್ಟರಲ್ಲಿ, ಆಗಸ್ಟ್ 31ರಿಂದ, ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತ್ತು. 58 ಸಾವಿರ ಹೆಚ್ಚಿಗೆ ಬಿತ್ತು. ಮುದ್ರಾಂಕ, ಸೆಸ್ ಎಲ್ಲ ಸೇರಿ ನಾಲ್ಕು ಲಕ್ಷ ದಾಟಿತು. ಅರ್ಧಕ್ಕಿಂತ ಜಾಸ್ತಿ ಆ ಆರ್‌ಡಿ ದುಡ್ಡಿನಲ್ಲೇ ತೀರಿತು.

ಗೃಹಜ್ಯೋತಿ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗೆ ಉಚಿತ ಸಿಗುವುದು 58 ಯೂನಿಟ್ ಮಾತ್ರ. ಎರಡು ಗೀಸರ್ ಇರುವ ಮನೆಯಲ್ಲಿ ಅದು ಯಾವ ಮೂಲೆಗೆ?