ಗೋಡೆ ಬೂಷ್ಟು ಒರೆಸೋ ಮುಂಚೆ ನೀರು ಎಲ್ಲಿಂದ ಬರ್ತಿದೆ ನೋಡಿ

ಆಷಾಢ ಬಂತಂದ್ರೆ ನಮ್ ಮಲೆನಾಡು ಕಡೆ ಬೀರು ಬಾಗಿಲು ತೆಗೆದ ಕೂಡ್ಲೇ ಮುಗ್ಗಲು ವಾಸನೆ, ರೇಷ್ಮೆ ಸೀರೆ ಮೇಲೆ ಬಿಳಿ ಚುಕ್ಕೆ, ಚರ್ಮದ ಚಪ್ಪಲಿ ಮೇಲೆ ಹಸಿರು ಪುಡಿ. ಮಳೆಗಾಲ ಅಂದ್ಮೇಲೆ ಇದೆಲ್ಲ ಇದ್ದಿದ್ದೇ ಅಂತ ನಾವೂ ಸುಮ್ನಿದ್ವಿ. ಆದ್ರೆ ಎರಡು ಮಳೆಗಾಲ ಅಮ್ಮಂಗೆ ರಾತ್ರಿ ಮಲಗಿದ್ರೆ ಕೆಮ್ಮು, ಅಕ್ಕನ ಮನೆಗೆ ಹೋದ್ರೆ ನಾಲ್ಕೇ ದಿನಕ್ಕೆ ಕಮ್ಮಿ, ವಾಪಸ್ ಬಂದ್ರೆ ಮತ್ತೆ ಶುರು. ಕೊನೆಗೆ ಮಂಚದ ಪಕ್ಕದ ಬೀರು ಎಳೆದು ನೋಡಿದ್ರೆ ಹಿಂದಿನ ಗೋಡೆ ಪೂರ್ತಿ ಕಪ್ಪು. ಆ ಗೋಡೆಯ ಆಚೆ ಕಡೆ ಬಚ್ಚಲು.

ಬೂಷ್ಟಿನ ಬೀಜಕಣ ಗಾಳೀಲಿ ಯಾವಾಗ್ಲೂ ಇರುತ್ತೆ, ಅದನ್ನ ತಡೆಯಕ್ಕಾಗಲ್ಲ. ಒದ್ದೆ ಸಿಕ್ರೆ 24ರಿಂದ 48 ಗಂಟೇಲಿ ಬೆಳೆಯಕ್ಕೆ ಶುರು ಮಾಡುತ್ತೆ, ಗೋಡೆ, ಪ್ಲೈವುಡ್, ಹಾಸಿಗೆ, ಹಳೇ ಪುಸ್ತಕ ಯಾವ್ದಾದ್ರೂ ಸರಿ. ಹಾಗಾಗಿ ಮೊದ್ಲು ಹುಡುಕಬೇಕಾದ್ದು ನೀರನ್ನ. ಬೀರು ಹಿಂದೆ, ಸಿಂಕ್ ಕೆಳಗೆ, ತಾರಸಿ ಮೂಲೆ, ಕಿಟಕಿ ಸಜ್ಜಾ, ಫ್ರಿಜ್ ಹಿಂದಿನ ನೀರಿನ ಟ್ರೇ, ಏಸಿ ಫಿಲ್ಟರ್, ಇಷ್ಟನ್ನೂ ಟಾರ್ಚ್ ಹಿಡ್ಕೊಂಡು ನೋಡಿ. ರೂಮೊಳಗೆ ಬಟ್ಟೆ ಒಣಗಿಸ್ತೀರಾದ್ರೆ ಆ ನೀರೆಲ್ಲ ರೂಮಿನ ಗಾಳಿಗೇ ಸೇರುತ್ತೆ. ಮುಂಚೆ ಹಂಡೆ ಒಲೆ ಉರೀತಿತ್ತು, ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕ್ತಿದ್ರು, ಹೆಂಚಿನ ಸಂದೀಲಿ ಗಾಳಿ ಆಡ್ತಿತ್ತು, ಈಗ ತಾರಸಿ ಮನೆ, ಗೀಸರ್, ಮುಚ್ಚಿದ ಕಿಟಕಿ.

ಗೋಡೆ ಮೇಲೆ ಬಿಳಿ ಪುಡಿ ಇದ್ರೆ ಒಂದು ಹನಿ ನೀರು ಹಾಕಿ, ಕರಗಿದ್ರೆ ಅದು ಉಪ್ಪು, ಬೂಷ್ಟಲ್ಲ, ಆದ್ರೆ ಗೋಡೆ ನೀರು ಎಳೀತಿದೆ ಅಂತಂತೂ ಅರ್ಥ. ಇನ್ನೊಂದು ಪರೀಕ್ಷೆ ನಂಗೆ ತುಂಬಾ ಉಪಯೋಗ ಆಯ್ತು: ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯನ್ನ ಗೋಡೆ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದ್ರೆ ಗೋಡೆ ಕಡೆ ಹನಿ ಕೂತ್ರೆ ನೀರು ಗೋಡೆಯಿಂದ್ಲೇ ಬರ್ತಿದೆ, ಪೈಪೋ ತಾರಸಿಯೋ ಪಾಯನೋ ರಿಪೇರಿ ಮಾಡಿಸ್ಬೇಕು. ಹೊರಗಡೆ ಹನಿ ಕೂತ್ರೆ ರೂಮಿನ ಗಾಳೀಲೇ ತೇವ ಜಾಸ್ತಿ. ನಮ್ದು ಮೊದಲನೇದು, ಬಚ್ಚಲ ಟೈಲ್ಸ್ ಸಂದಿ ಬಿಟ್ಟಿತ್ತು. ಅದನ್ನ ಸರಿ ಮಾಡಿಸೋ ಮುಂಚೆನೇ ಪೇಂಟ್ ಹೊಡೆಸಿದ್ವಿ, ಎರಡೇ ತಿಂಗಳಿಗೆ ಗುಳ್ಳೆ ಎದ್ದು ಉದುರಿ ಹೋಯ್ತು.

ಗಾಳೀಲಿ ತೇವ ಎಷ್ಟಿದೆ ಅಂತ ಅಳೆಯೋ ಹೈಗ್ರೋಮೀಟರ್ ಒಂದು ತಗೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೇ. ತೇವ ಶೇಕಡ 60ರ ಒಳಗಿರ್ಬೇಕು. ಮಳೆ ಜಡಿ ಹಿಡಿದಾಗ ಕಿಟಕಿ ತೆಗೆದಿಟ್ರೆ ಏನೂ ಒಣಗಲ್ಲ, ಹೊಳವಾದಾಗ ತೆಗೀರಿ. ಸ್ನಾನ, ಅಡುಗೆ ಹೊತ್ತಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಬೀರುನ ಗೋಡೆಯಿಂದ ಒಂದು ಗೇಣು ದೂರ ಇಡಿ.

ಕಲೆ ಸುಮಾರು 10 ಚದರ ಅಡಿ ಒಳಗಿದ್ರೆ ನಾವೇ ತೊಳೀಬಹುದು. ಎನ್95 ಮಾಸ್ಕ್, ಗ್ಲೌಸ್ ಹಾಕ್ಕೊಂಡು, ಫ್ಯಾನ್ ಆಫ್ ಮಾಡಿ, ಮಕ್ಕಳನ್ನೂ ಉಬ್ಬಸ ಇರೋರನ್ನೂ ಆಚೆ ಕಳಿಸಿ, ಸೋಪಿನ ನೀರಲ್ಲಿ ನೆನೆಸಿ ಉಜ್ಜಿ, ಆಮೇಲೆ ಪೂರ್ತಿ ಒಣಗಿಸಿ. ಒಣ ಪೊರಕೇಲಿ ಗುಡಿಸ್ಲೇಬೇಡಿ, ಕಣ ಎಲ್ಲ ಮನೆ ತುಂಬಾ ಹಾರುತ್ತೆ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಆಗ್ಲಿ ವಿನೆಗರ್ ಆಗ್ಲಿ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಅದು ಬೂಷ್ಟಿಗಿಂತ ಅಪಾಯ. ಬೂಷ್ಟು ಒಳಗೆ ಇಳಿದ ಹತ್ತಿ ಹಾಸಿಗೆ, ದಿಂಬು ಬಿಸಾಕ್ಬೇಕು, ಸತ್ತ ಬೂಷ್ಟು ಕೂಡ ಅಲರ್ಜಿ ಮಾಡುತ್ತೆ.

ಹೆಚ್ಚಿನ ಜನಕ್ಕೆ ಇದ್ರಿಂದ ಸೀನು, ಮೂಗು ಕಟ್ಟೋದು, ಕಣ್ಣು ತುರಿಕೆ. ಉಬ್ಬಸ ಇರೋರಿಗೆ ಉಬ್ಬಸ ಏರುತ್ತೆ. ಆಸ್ಪರ್ಜಿಲಸ್ ಅನ್ನೋ ಬೂಷ್ಟಿನ ಕಣ 2-3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಪಾಲು) ಅಷ್ಟೇ, ಸೀದಾ ಶ್ವಾಸಕೋಶದ ಆಳಕ್ಕೆ ಹೋಗುತ್ತೆ, ಕ್ಯಾನ್ಸರಿಗೆ ಕೀಮೋ ತಗೊಳ್ತಿರೋರು, ಅಂಗಾಂಗ ಕಸಿ ಆದೋರ ಮೈಯೊಳಗೇ ಬೆಳೀಬಹುದು, ಅಂಥೋರು ಮನೇಲಿದ್ರೆ ಒಂದು ದಿನಾನೂ ತಡ ಮಾಡ್ಬೇಡಿ. ಗೋಡೆ ಕಪ್ಪಾಗಿದೆ ಅಂತ 2021ರಲ್ಲಿ ಕೋವಿಡ್ ಹೊತ್ತಲ್ಲಿ ಬಂದ ಬ್ಲ್ಯಾಕ್ ಫಂಗಸ್ ಕಾಯಿಲೆ ನೆನೆದು ಹೆದರ್ಬೇಡಿ, ಅದು ಬೇರೆ ಜಾತಿ ಶಿಲೀಂಧ್ರ, ಬಣ್ಣ ನೋಡಿ ಅಪಾಯ ಹೇಳಕ್ಕಾಗಲ್ಲ. ಕೆಮ್ಮು ವಾರಗಟ್ಲೆ ಇದ್ರೆ ಡಾಕ್ಟ್ರ ಹತ್ರ ಹೋಗಿ, ಯಾವ ರೂಮಲ್ಲಿ ಜಾಸ್ತಿ, ಊರು ಬಿಟ್ರೆ ಕಮ್ಮಿ ಆಗುತ್ತಾ ಅನ್ನೋದನ್ನ ಅವ್ರು ಕೇಳ್ದೇ ಇದ್ರೂ ಹೇಳಿ, ಗೋಡೆ ಫೋಟೋನೂ ತೋರ್ಸಿ.